ಎಲೆಕ್ಟ್ರಾನಿಕ್ ಸಿಟಿ ಫ್ಲೈಓವರನ್ನು ಅಷ್ಟು ಟ್ರಾಫಿಕ್ ನಡುವೆ ಹೇಗೆ ಕಟ್ಟಿದರು? ಜಾಮ್ ಕಡಿಮೆ ಆಯ್ತಾ?

ಕಂಬಗಳು ನಿಂತಿರುವುದು ಹೊಸೂರು ರಸ್ತೆಯ ನಟ್ಟನಡುವೆ. ಹಾಗಾಗಿ ಎರಡೂ ಬದಿಯ ಅಂಗಡಿ, ಮನೆಗಳನ್ನು ಸಾಲಾಗಿ ಕೆಡವುವ ಪ್ರಶ್ನೆ ಬರಲಿಲ್ಲ. ಮೇಲಿನ ರಸ್ತೆಯ ಕಾಂಕ್ರೀಟ್ ತುಂಡುಗಳನ್ನು ಯಾರ್ಡಿನಲ್ಲೇ ಎರಕ ಹೊಯ್ದು ತಂದರು. ಕಂಬದಿಂದ ಕಂಬಕ್ಕೆ ಚಾಚಿದ ಉಕ್ಕಿನ ಗರ್ಡರ್ (ದೊಡ್ಡ ತೊಲೆ) ಅವನ್ನು ಮೇಲೆತ್ತಿ ಹಿಡಿಯುತ್ತದೆ. ಒಂದಕ್ಕೊಂದು ಅಂಟಿಸಿ, ಉಕ್ಕಿನ ಕೇಬಲ್ ಪೋಣಿಸಿ ಬಿಗಿದರೆ ಒಂದು ಅಂಕಣ, ಅಂದರೆ ಎರಡು ಕಂಬಗಳ ನಡುವಿನ ಭಾಗ, ಮುಗಿಯಿತು. ಕೆಳಗೆ ವಾಹನಗಳು ಓಡಾಡುತ್ತಲೇ ಇರಬಹುದು.

ಸುಮಾರು 10 ಕಿ.ಮೀ. ಉದ್ದದ ಈ ನಾಲ್ಕು ಪಥದ ಟೋಲ್ ರಸ್ತೆ 2010ರ ಜನವರಿಯಲ್ಲಿ ತೆರೆಯಿತು. ಮೇಲೆ ಹೋಗುವವರಿಗೆ ಸಿಗ್ನಲ್ ಕಾಟ ತಪ್ಪಿದ್ದು ನಿಜ. ಆದರೆ ಊರಿನ ಕಡೆ ಬಂದು ಬೊಮ್ಮನಹಳ್ಳಿಯಲ್ಲಿ ಇಳಿದರೆ ಮುಂದೆ ಸಿಲ್ಕ್ ಬೋರ್ಡ್ ಜಂಕ್ಷನ್‌ನ ಜಾಮ್ ಇದ್ದೇ ಇದೆ, ಅಲ್ವಾ? ದಾರಿ ನಡುವಿನ ಸಿಂಗಸಂದ್ರ, ಕೂಡ್ಲು ಗೇಟ್‌ನವರಿಗಂತೂ ಕೆಳಗಿನ ರಸ್ತೆಯೇ ಗತಿ. ನನ್ನ ಪ್ರಕಾರ ಮೆಟ್ರೋ ಮೊದಲು ಬರಬೇಕಿತ್ತು. ಈ ಕಡೆಯ ಮೆಟ್ರೋ ಹಳದಿ ಮಾರ್ಗ ಓಡಿದ್ದು 2025ರಲ್ಲಿ.