ಎಸ್ಸವೀರಾ ಕೋಟೆಯೊಳಗಿನ ಹಳೆಯ ಮನೆ: ಕೊಳ್ಳುವ ಮುನ್ನ

ಪ್ರಶ್ನೆ: ನಾನು ಮಂಗಳೂರಿನವನು. ಆರು ವರ್ಷಗಳಿಂದ ಮೊರಾಕ್ಕೊದ ಜೊರ್ಫ್ ಲಸ್ಫರ್ ಬಂದರಿನ ರಸಗೊಬ್ಬರ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದೇನೆ. ದಕ್ಷಿಣದ ಎಸ್ಸವೀರಾ ಪಟ್ಟಣದ ಕೋಟೆಯೊಳಗೆ, ಹಿಂದೆ ಯಹೂದಿಗಳು ವಾಸವಾಗಿದ್ದ ಮೆಲ್ಲಾ ಕೇರಿಯಲ್ಲಿ, ಎರಡು ಅಂತಸ್ತಿನ ಚಿಕ್ಕ ಮನೆಯೊಂದು ಮಾರಾಟಕ್ಕಿದೆ. ಮೇಲಿನ ಚಾವಣಿ ಅರ್ಧ ಕುಸಿದಿದೆ, ಬೆಲೆ ಕಡಿಮೆ. ನೋಂದಾಯಿತ ಹಕ್ಕುಪತ್ರ ಇಲ್ಲ. ಅದರ ಬದಲು ‘ಮುಲ್ಕಿಯಾ’ ಇದೆ, ಅಷ್ಟು ಸಾಕು ಎಂದು ದಲ್ಲಾಳಿ ಹೇಳುತ್ತಾರೆ. ಮುಂಗಡ ಕೊಡಬಹುದೇ? ದುರಸ್ತಿ ಮಾಡಿಸುವಾಗ ಯಾವುದಕ್ಕೆ ಗಮನ ಕೊಡಬೇಕು? ಊರಿಗೆ ಮರಳಿದ ಮೇಲೂ ಮನೆಯನ್ನು ಇಟ್ಟುಕೊಳ್ಳಬಹುದೇ?
– ಓದುಗರು, ಮಂಗಳೂರು

ಉತ್ತರ: ಮುಂಗಡ ಈಗ ಕೊಡಬೇಡಿ. ಕುಸಿದ ಚಾವಣಿಯನ್ನು ಹಣವಿದ್ದರೆ ಮತ್ತೆ ಕಟ್ಟಿಸಬಹುದು; ಹಕ್ಕಿನಲ್ಲಿರುವ ಬಿರುಕನ್ನು ಹಣ ಕೊಟ್ಟ ಮೇಲೆ ಮುಚ್ಚುವುದು ಬಹಳ ಕಷ್ಟ. ನಿಮ್ಮ ಪತ್ರದಲ್ಲಿ ನನಗೆ ಆತಂಕ ಹುಟ್ಟಿಸಿದ್ದು ಚಾವಣಿಯ ಮಾತಲ್ಲ, ‘ಅಷ್ಟು ಸಾಕು’ ಎಂಬ ಮಾತು.

ಮೊರಾಕ್ಕೊದಲ್ಲಿ ಸ್ಥಿರಾಸ್ತಿಗೆ ಎರಡು ಬಗೆಯ ದಾಖಲೆಗಳಿವೆ. 1913ರ ಕಾನೂನಿನಿಂದ ಆರಂಭವಾದ ಭೂನೋಂದಣಿ ಪದ್ಧತಿಯಲ್ಲಿ ಪ್ರತಿ ಆಸ್ತಿಗೂ ಗಡಿ ಗುರುತಿಸಿ, ತಕರಾರುಗಳಿಗೆ ಕಾಲಾವಕಾಶ ಕೊಟ್ಟು, ಸಂಖ್ಯೆಯುಳ್ಳ ಹಕ್ಕುಪತ್ರ ಸಿದ್ಧಪಡಿಸುತ್ತಾರೆ. ಒಮ್ಮೆ ಅದು ಸ್ಥಾಪಿತವಾದರೆ, ಅಲ್ಲಿ ದಾಖಲಾಗದ ಹಿಂದಿನ ಹಕ್ಕುಗಳೆಲ್ಲ ಅಳಿದುಹೋಗುತ್ತವೆ. ನಮ್ಮಲ್ಲಿ ಉಪನೋಂದಣಾಧಿಕಾರಿಯ ಕಚೇರಿ ನೋಂದಾಯಿಸುವುದು ಕ್ರಯಪತ್ರವನ್ನೇ ಹೊರತು ಒಡೆತನವನ್ನಲ್ಲ ಎಂಬುದನ್ನು ನೆನೆದರೆ, ಅಲ್ಲಿನ ಹಕ್ಕುಪತ್ರದ ಬಲ ನಿಮಗೆ ಅರ್ಥವಾಗುತ್ತದೆ. ಇನ್ನೊಂದು ಬಗೆಯೇ ಮುಲ್ಕಿಯಾ. ಇಂಥವರು ಇಷ್ಟು ಕಾಲದಿಂದ ಒಡೆಯರಂತೆ ಅನುಭವಿಸುತ್ತಿದ್ದಾರೆ ಎಂಬ ಸಾಕ್ಷ್ಯವನ್ನು, ಅನೇಕ ಸಂದರ್ಭಗಳಲ್ಲಿ 12 ಮಂದಿ ಸಾಕ್ಷಿಗಳ ಹೇಳಿಕೆಯನ್ನು, ‘ಅದೂಲ್’ ಎಂಬ ಸಾಂಪ್ರದಾಯಿಕ ಪತ್ರಲೇಖಕರು ಬರೆದು ನ್ಯಾಯಾಧೀಶರ ಮೊಹರು ಪಡೆದಿರುತ್ತಾರೆ. ಅದು ಸುಳ್ಳು ದಾಖಲೆಯಲ್ಲ, ಹಳೆಯ ಪಟ್ಟಣಗಳಲ್ಲಿ ಸಾಮಾನ್ಯವಾದದ್ದೇ. ಆದರೆ ಅದು ಹೇಳುವುದು ಸಾಕ್ಷಿಗಳು ಬಲ್ಲಷ್ಟನ್ನು ಮಾತ್ರ.

ಸಾಕ್ಷಿಗಳಿಗೆ ತಿಳಿಯದೆ ಉಳಿಯುವುದು ಏನೆಂದರೆ, ಮೊದಲನೆಯದಾಗಿ ವಾರಸುದಾರರು. ಮೂರು ತಲೆಮಾರು ಪಾಲಾಗದೆ ಉಳಿದ ಪುಟ್ಟ ಮನೆಗೆ ಹತ್ತು ಹದಿನೈದು ಮಂದಿ ಹಕ್ಕುದಾರರು ಇರಬಹುದು, ಅವರಲ್ಲಿ ಕೆಲವರು ಫ್ರಾನ್ಸಿನಲ್ಲಿರಬಹುದು. ಮೆಲ್ಲಾದಲ್ಲಾದರೆ ಇಸ್ರೇಲ್ ಅಥವಾ ಕೆನಡಾಕ್ಕೆ ವಲಸೆ ಹೋದ ಕುಟುಂಬಗಳ ಹೆಸರೂ ಹಳೆಯ ಪತ್ರಗಳಲ್ಲಿ ಸಿಗಬಹುದು. ನಮ್ಮ ಕರಾವಳಿಯ ಕೂಡುಕುಟುಂಬಗಳ ಆಸ್ತಿಯನ್ನು ಕಂಡವರಿಗೆ ಇದು ಹೊಸದಲ್ಲ. ಮೊರಾಕ್ಕೊದಲ್ಲಿ ಇನ್ನೊಂದು ತೊಡಕೂ ಇದೆ: ಒಬ್ಬ ಪಾಲುದಾರ ತನ್ನ ಪಾಲನ್ನು ಹೊರಗಿನವರಿಗೆ ಮಾರಿದರೆ, ಉಳಿದವರು ಅದೇ ಬೆಲೆ ಕೊಟ್ಟು ಅದನ್ನು ತಮ್ಮದಾಗಿಸಿಕೊಳ್ಳುವ ‘ಶುಫಾ’ ಎಂಬ ಹಕ್ಕು ಕಾನೂನಿನಲ್ಲಿದೆ. ಆದ್ದರಿಂದ ಎಲ್ಲ ಪಾಲುದಾರರೂ, ಸ್ವತಃ ಅಥವಾ ಸರಿಯಾದ ಅಧಿಕಾರಪತ್ರದ ಮೂಲಕ, ಒಂದೇ ಮಾರಾಟಪತ್ರಕ್ಕೆ ಸಹಿ ಹಾಕಲೇಬೇಕು.

ಎರಡನೆಯದು, ಮಾರುತ್ತಿರುವುದು ಒಡೆತನವೋ ಅನುಭೋಗದ ಹಕ್ಕೋ ಎಂಬುದು. ಹಳೆಯ ಪಟ್ಟಣಗಳ ಕೆಲವು ಕಟ್ಟಡಗಳು ‘ಹಬೂಸ್’, ಅಂದರೆ ವಕ್ಫ್‌ ಆಸ್ತಿ. ಅಲ್ಲಿ ನೆಲ ಒಬ್ಬರದು, ಅದರ ಮೇಲಿನ ಕಟ್ಟಡದ ಹಕ್ಕು ಇನ್ನೊಬ್ಬರದು ಆಗಿರಬಹುದು. ಮನೆಯ ಮೇಲಿನ ತೆರವಿನಲ್ಲಿ ಇನ್ನೊಂದು ಅಂತಸ್ತು ಕಟ್ಟುವ ಹಕ್ಕೇ ಬೇರೆಯವರದಾಗಿರುವುದೂ ಉಂಟು. ದಕ್ಷಿಣ ಕನ್ನಡದ ಮೂಲಗೇಣಿ, ಅಂದರೆ ಶಾಶ್ವತ ಗೇಣಿಯ, ಜಮೀನಿನಲ್ಲಿ ತಲೆಮಾರುಗಳಿಂದ ಮನೆ ಕಟ್ಟಿ ಬಾಳಿದವರೂ ನೆಲದ ಒಡೆಯನಾದ ಮೂಲಿದಾರನ ಹಕ್ಕನ್ನು ಮರೆಯುವಂತಿರಲಿಲ್ಲ. ಆ ಎಚ್ಚರವನ್ನು ಇಲ್ಲಿಯೂ ಇಟ್ಟುಕೊಳ್ಳಿ.

ಹಾಗಾದರೆ ಮಾಡಬೇಕಾದದ್ದೇನು? ಮಾರುವವರೇ ಭೂನೋಂದಣಿಗೆ ಅರ್ಜಿ ಹಾಕಿ ಹಕ್ಕುಪತ್ರ ಪಡೆಯಲಿ, ಆಮೇಲೆ ಕೊಳ್ಳುತ್ತೇನೆ ಎಂದು ಹೇಳಿ. ಗಡಿ ಗುರುತಿಸುವ ಕೆಲಸ ಮುಗಿದ ಪ್ರಕಟಣೆ ರಾಜಪತ್ರದಲ್ಲಿ ಬಂದ ಮೇಲೆ ಎರಡು ತಿಂಗಳು ತಕರಾರು ಸಲ್ಲಿಸಲು ಅವಕಾಶವಿರುತ್ತದೆ. ಇಡೀ ಪ್ರಕ್ರಿಯೆಗೆ ಅದಕ್ಕಿಂತ ಬಹಳ ಹೆಚ್ಚು ಕಾಲ ಬೇಕು. ಅಷ್ಟು ಕಾಯಲು ಮಾರಾಟಗಾರರು ಒಪ್ಪದಿದ್ದರೆ ಆ ಮನೆಯನ್ನು ಬಿಟ್ಟುಬಿಡುವುದೇ ಲೇಸೆಂದು ನಾನು ತಿಳಿಯುತ್ತೇನೆ. ವ್ಯವಹಾರವನ್ನು ನೋಟೇರ್ ಮೂಲಕವೇ ಮಾಡಿ. ನಮ್ಮ ನ್ಯಾಯಾಲಯದ ಆವರಣದಲ್ಲಿ ಮೊಹರು ಹಾಕಿಕೊಡುವ ನೋಟರಿಯಲ್ಲ ಅವರು; ದಾಖಲೆಗಳನ್ನು ಪರಿಶೀಲಿಸಿ, ಪತ್ರ ಬರೆದು, ಕೊಳ್ಳುವವರ ಹಣವನ್ನು ನೋಂದಣಿ ಮುಗಿಯುವವರೆಗೆ ತಮ್ಮ ವಶದಲ್ಲಿ ಇಡುವ ಕಾನೂನು ಅಧಿಕಾರಿ. ದಲ್ಲಾಳಿಯ ಕೈಗೆ ನೇರವಾಗಿ ಒಂದು ದಿರ್ಹಮ್‌ ಕೂಡ ಹೋಗಬಾರದು.

ಇನ್ನು ಕಟ್ಟಡದ ವಿಚಾರ. ಎಸ್ಸವೀರಾವನ್ನು ಸುಲ್ತಾನ್ ಸಿದಿ ಮೊಹಮ್ಮದ್ ಬಿನ್ ಅಬ್ದುಲ್ಲಾ 1760ರ ದಶಕದಲ್ಲಿ ಬಂದರು ಪಟ್ಟಣವಾಗಿ ಕಟ್ಟಿಸಿದನು. 2001ರಲ್ಲಿ ಅದರ ಕೋಟೆಯೊಳಗಿನ ಊರು ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ್ದರಿಂದ, ಹೊರಗೋಡೆ, ಕಿಟಕಿ, ಎತ್ತರ ಇವುಗಳಲ್ಲಿ ನಿಮ್ಮಿಷ್ಟದಂತೆ ಬದಲಾವಣೆ ಮಾಡಲಾಗದು. ಅನುಮತಿಯಿಲ್ಲದೆ ಕೆಲಸ ಆರಂಭಿಸಬೇಡಿ. ಮೆಲ್ಲಾ ಕಡಲ ಕಡೆಯ ಕೋಟೆಗೋಡೆಗೆ ಅಂಟಿಕೊಂಡಿದೆ. ಅಟ್ಲಾಂಟಿಕ್‌ನ ಅಲೆ ಮತ್ತು ಉಪ್ಪುಗಾಳಿ ಅಲ್ಲಿನ ಮನೆಗಳನ್ನು ದಶಕಗಳಿಂದ ತಿಂದಿವೆ, ಅನೇಕ ಮನೆಗಳು ಬಿದ್ದೇಹೋಗಿವೆ. ಆದ್ದರಿಂದ ನಿಮ್ಮ ಮನೆಯನ್ನು ಮಾತ್ರ ನೋಡಿದರೆ ಸಾಲದು. ಆ ಕೇರಿಯಲ್ಲಿ ಗೋಡೆಗಳು ಎರಡು ಮನೆಗಳಿಗೆ ಸೇರಿದವು. ಪಕ್ಕದ ಮನೆ ಪಾಳುಬಿದ್ದು ಗೋಡೆಯ ಇನ್ನೊಂದು ಮುಖ ಮಳೆಗೆ ತೆರೆದಿದ್ದರೆ, ನೀವು ಒಳಗೆ ಎಷ್ಟು ಖರ್ಚು ಮಾಡಿದರೂ ತೇವ ನಿಲ್ಲದು. ರಚನಾ ಎಂಜಿನಿಯರೊಬ್ಬರನ್ನು ಕರೆದೊಯ್ದು ಪಕ್ಕದ ಎರಡೂ ಮನೆಗಳನ್ನು ತೋರಿಸಿ. ಮರದ ತೊಲೆ, ಜಂತಿಗಳ ತುದಿ ಗೋಡೆಯೊಳಗೆ ಕೂತಿರುವ ಜಾಗವನ್ನು ಕೆದಕಿ ನೋಡಲಿ. ನಡುವೆ ಗಟ್ಟಿಯಾಗಿ ಕಾಣುವ ತೊಲೆ ತುದಿಯಲ್ಲಿ ಪುಡಿಯಾಗಿರುತ್ತದೆ.

ಸಿಮೆಂಟಿನ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಸುಣ್ಣದ ಗಾರೆಯಲ್ಲಿ ಕಟ್ಟಿದ ಕಲ್ಲುಗೋಡೆ ಒಳಗಿನ ತೇವವನ್ನು ಹೊರಗೆ ಬಿಡುತ್ತ ಒಣಗುತ್ತದೆ. ಅದರ ಮೇಲೆ ಸಿಮೆಂಟ್ ಗಿಲಾವು ಬಳಿದರೆ ತೇವ, ಉಪ್ಪು ಎರಡೂ ಒಳಗೇ ಸಿಕ್ಕಿಕೊಂಡು ಕಲ್ಲನ್ನೇ ಪುಡಿ ಮಾಡುತ್ತವೆ. ನಮ್ಮ ಹಿರಿಯರ ಮನೆಯ ಮುರಕಲ್ಲಿನ ಗೋಡೆಗೆ ಬಾಳಿಕೆ ಬರಲೆಂದು ನಾವೇ ಸಿಮೆಂಟ್ ಹಾಕಿಸಿದ್ದೆವು. ಮೂರನೆಯ ಮಳೆಗಾಲಕ್ಕೆ ಗಿಲಾವು ಹಪ್ಪಳದಂತೆ ಎದ್ದು, ಅದರೊಂದಿಗೆ ಕಲ್ಲಿನ ಮೈಯೂ ಕಳಚಿ ಬಂದದ್ದನ್ನು ನೋಡಿ ನನ್ನ ತಂದೆಯವರು ಬಹಳ ನೊಂದರು. ಎಸ್ಸವೀರಾದಲ್ಲಿ ಸುಣ್ಣದ ಕೆಲಸ ಬಲ್ಲ ಮೇಸ್ತ್ರಿಯನ್ನೇ ಹುಡುಕಿ, ಅದಕ್ಕಾಗಿ ತಡವಾದರೂ ಸಹಿಸಿ. ಕೋಟೆಯೊಳಗೆ ವಾಹನ ಬರುವುದಿಲ್ಲ. ಮರಳು, ಮರ, ಕೆಡವಿದ ಮಣ್ಣು ಎಲ್ಲವೂ ಕೈಗಾಡಿಯಲ್ಲೇ ಸಾಗಬೇಕು. ಆ ಖರ್ಚನ್ನು ಅಂದಾಜುಪಟ್ಟಿಯಲ್ಲಿ ಬೇರೆಯಾಗಿಯೇ ಬರೆಸಿ.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಸರಳ. ಭಾರತದ ಹೊರಗೆ ನಿವಾಸಿಯಾಗಿದ್ದಾಗ ಗಳಿಸಿದ ಸ್ಥಿರಾಸ್ತಿಯನ್ನು ಊರಿಗೆ ಮರಳಿದ ಮೇಲೂ ಇಟ್ಟುಕೊಳ್ಳಲು ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, 1999ರ 6(4)ನೆಯ ಕಲಮು ಅನುಮತಿಸುತ್ತದೆ. ಆದಾಯ ತೆರಿಗೆಯ ದೃಷ್ಟಿಯಲ್ಲಿ ನೀವು ಪೂರ್ಣ ನಿವಾಸಿಯಾದ ವರ್ಷದಿಂದ ಮಾತ್ರ ಆ ಮನೆಯನ್ನು ವಿವರಪಟ್ಟಿಯ ವಿದೇಶಿ ಆಸ್ತಿಯ ಭಾಗದಲ್ಲಿ ತಪ್ಪದೆ ತೋರಿಸಬೇಕು. ಮುಂದೆ ಮನೆ ಮಾರಿ ಹಣವನ್ನು ಹೊರಗೆ ಒಯ್ಯುವ ಯೋಚನೆಯಿದ್ದರೆ, ಕೊಳ್ಳುವಾಗಿನ ಹಣ ವಿದೇಶಿ ಕರೆನ್ಸಿಯಲ್ಲಿ ಬ್ಯಾಂಕಿನ ಮೂಲಕವೇ ಮೊರಾಕ್ಕೊಗೆ ಬಂದದ್ದಾಗಿರಬೇಕು. ಅದರ ಬ್ಯಾಂಕ್ ಪತ್ರವನ್ನು ಕ್ರಯಪತ್ರದಷ್ಟೇ ಜೋಪಾನವಾಗಿಡಿ. ಅಲ್ಲಿನ ಸಂಬಳದ ಉಳಿತಾಯದಿಂದ ಕೊಳ್ಳುವುದಾದರೆ ಹಣ ಹೊರಗೆ ಕಳಿಸುವ ನಿಯಮವನ್ನು ನಿಮ್ಮ ಬ್ಯಾಂಕಿನಿಂದ ಮೊದಲೇ ಬರವಣಿಗೆಯಲ್ಲಿ ಪಡೆಯಿರಿ.

ಬರುವ ಚಳಿಗಾಲದ ಮಳೆ ಬೀಳುತ್ತಿರುವಾಗ ಇನ್ನೊಮ್ಮೆ ಎಸ್ಸವೀರಾಕ್ಕೆ ಹೋಗಿ ಆ ಮನೆಯ ಕೆಳಕೋಣೆಯಲ್ಲಿ ಒಂದು ಗಂಟೆ ಕುಳಿತು ಬನ್ನಿ. ಬೇಸಿಗೆಯಲ್ಲಿ ಬಿಳಿ ಸುಣ್ಣ ಬಳಿದು ತೋರಿಸಿದ ಗೋಡೆ ಆಗ ಹೇಗಿದೆ ಎಂಬುದನ್ನು, ನೋಟೇರ್ ಕೊಟ್ಟ ಉತ್ತರದೊಂದಿಗೆ, ನನಗೆ ಬರೆದು ತಿಳಿಸಿ.