ನಮ್ಮಲ್ಲಿ ವೇಗಕ್ಕೆ ಎರಡು ಅರ್ಥ

ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಫಿಸಿಕ್ಸ್ ಪಾಠ ಕರ್ನಾಟಕದ ಹಾಗೆಯೇ ತಾನೇ ಎಂದು ಕೇಳಿದಿರಿ. ಬಲ, ಚಲನೆ, ಒತ್ತಡ ಎಲ್ಲ ಅದೇ. ಆದರೆ 1956ರಿಂದ ನಾವು ಕೇರಳದವರು, ಪಠ್ಯಕ್ರಮವೂ ಕೇರಳದ್ದು. ನಿಮ್ಮ ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ 80 ಅಂಕದ ಒಂದೇ ಪ್ರಶ್ನೆಪತ್ರಿಕೆ. ಇಲ್ಲಿ ಭೌತಶಾಸ್ತ್ರಕ್ಕೇ ಬೇರೆ ಪರೀಕ್ಷೆ, 40 ಅಂಕದ್ದು. ಜೀವಶಾಸ್ತ್ರದಲ್ಲಿ ಅಂಕ ತೆಗೆದು ಇದನ್ನು ಸರಿದೂಗಿಸಿಕೊಳ್ಳುವಂತಿಲ್ಲ.

ನಿಜವಾದ ತೊಡಕು ಪದಗಳದ್ದು. ಕನ್ನಡದಲ್ಲಿ ಸ್ಪೀಡ್‌ಗೆ ಜವ, ದಿಕ್ಕನ್ನೂ ಲೆಕ್ಕಕ್ಕೆ ಹಿಡಿಯುವ ವೆಲಾಸಿಟಿಗೆ ವೇಗ. ಮಲಯಾಳದಲ್ಲಿ ಸ್ಪೀಡ್‌ಗೇ ವೇಗಂ, ವೆಲಾಸಿಟಿಗೆ ಪ್ರವೇಗಂ. ಸಂಜೆ ಮಲಯಾಳದಲ್ಲಿ ಟ್ಯೂಷನ್ ಕೇಳಿ ಬಂದ ಹುಡುಗ ಬೆಳಿಗ್ಗೆ ನನ್ನ ತರಗತಿಯಲ್ಲಿ ವೇಗ ಎಂದರೆ ಯಾವುದನ್ನು ಹಿಡಿಯಬೇಕು? ಮನೆಯಲ್ಲಿ ಅವನಾಡುವುದು ತುಳುವೋ ಬ್ಯಾರಿಯೋ ಕೊಂಕಣಿಯೋ. ಪುಸ್ತಕದ ಕನ್ನಡವೂ ಅವನಿಗೆ ಕಲಿತೇ ಬರಬೇಕಾದ ಭಾಷೆ. ಕನ್ನಡ ಬಾರದವರು ಕನ್ನಡ ಮಾಧ್ಯಮದ ತರಗತಿಗೆ ನೇಮಕವಾಗಿ ಬಂದಾಗ ಮಕ್ಕಳೂ ಹೆತ್ತವರೂ ಪ್ರತಿಭಟನೆಗೆ ಕೂತದ್ದನ್ನು ನೀವು ಪತ್ರಿಕೆಯಲ್ಲಿ ಓದಿರಬಹುದು. ಅದರ ಹಿಂದಿನ ಸಂಕಟ ಇದೇ.

ಹಾಗಾಗಿ ನಾನು ಪದವನ್ನು ಕೊನೆಗೆ ಹೇಳುತ್ತೇನೆ. ಮೊದಲು ಮೈದಾನ. 200 ಮೀಟರಿನ ಒಂದು ಸುತ್ತನ್ನು ಒಬ್ಬ 50 ಸೆಕೆಂಡಿನಲ್ಲಿ ಓಡಿದರೆ ಸರಾಸರಿ ಜವ ಸೆಕೆಂಡಿಗೆ 4 ಮೀಟರ್. ಹೊರಟಲ್ಲಿಗೇ ಬಂದು ನಿಂತನಲ್ಲ, ಸರಾಸರಿ ವೇಗ ಸೊನ್ನೆ. ಬೆವರೊರೆಸಿಕೊಳ್ಳುತ್ತಿರುವವನಿಗೆ ಸೊನ್ನೆ ಎಂದರೆ ಒಪ್ಪುತ್ತಾನೆಯೇ? ನಾಲ್ಕು ಭಾಷೆಯಲ್ಲಿ ಜಗಳ ಶುರುವಾಗುತ್ತದೆ. ನಾನು ತಡೆಯುವುದಿಲ್ಲ. ದಿಕ್ಕು ಲೆಕ್ಕಕ್ಕೆ ಬರಬೇಕೋ ಬೇಡವೋ ಎಂಬಲ್ಲಿಗೆ ಜಗಳ ತಾನಾಗಿ ಬಂದು ನಿಲ್ಲುತ್ತದೆ. ಆಗ ಎರಡೂ ಪದಗಳನ್ನು ಬೋರ್ಡಿನ ಮೇಲೆ ಬರೆಯುತ್ತೇನೆ, ಪಕ್ಕದಲ್ಲಿ ಮಲಯಾಳದವನ್ನೂ.

ಒತ್ತಡದ ಪಾಠಕ್ಕೆ ನಮ್ಮ ನೆಲವೇ ಪ್ರಯೋಗಶಾಲೆ. ಇಲ್ಲಿನ ಮುರಕಲ್ಲು ಗುಡ್ಡಗಳಲ್ಲಿ ಅಡ್ಡಕ್ಕೆ ಕೊರೆದ ಸುರಂಗಗಳಿವೆ, ಪಂಪಿಲ್ಲದೆ ನೀರು ತಾನೇ ಹರಿದು ಬರುತ್ತದೆ. ಆ ನೀರನ್ನು ಗುಡ್ಡದ ಮೇಲೆ ಟಾಂಕಿಯಲ್ಲಿ ತುಂಬಿಸಿ ಪೈಪಿನಲ್ಲಿ ಅಡಕೆ ತೋಟಕ್ಕೆ ಇಳಿಸುತ್ತಾರೆ. ಒತ್ತಡ ಹೆಚ್ಚಬೇಕಾದರೆ ಏನು ಮಾಡಬೇಕು ಎಂದರೆ ಟಾಂಕಿ ಅಗಲವಾಗಬೇಕು ಎಂದು ಇಡೀ ತರಗತಿ ಹೇಳುತ್ತದೆ, ಪ್ರತಿ ವರ್ಷವೂ. ಅಗಲಕ್ಕೂ ಅದಕ್ಕೂ ಸಂಬಂಧವಿಲ್ಲ, ನೀರಿನ ಮಟ್ಟ ಎಷ್ಟು ಮೇಲಿದೆ ಎಂಬುದಷ್ಟೇ ಮುಖ್ಯ. 10 ಮೀಟರ್ ಎತ್ತರಕ್ಕೆ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಭಾರದಷ್ಟು. ಇದನ್ನು ನಾನು ಬಾಯಿಬಿಟ್ಟು ಹೇಳುವ ಮೊದಲೇ ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. ತಮ್ಮ ತೋಟದಲ್ಲಿ ಒಂದೇ ಟಾಂಕಿಯ ನೀರಿಗೆ ಕೆಳಗಿನ ತಟ್ಟಿನ ಸ್ಪ್ರಿಂಕ್ಲರ್ ಮೇಲಿನ ತಟ್ಟಿನದಕ್ಕಿಂತ ಜೋರಾಗಿ ತಿರುಗುತ್ತದೆ ಎಂದಳು, ತುಳುವಿನಲ್ಲಿ. ಅಲ್ಲಿಯವರೆಗೆ ಅವಳು ತರಗತಿಯಲ್ಲಿ ಬಾಯಿಬಿಟ್ಟದ್ದನ್ನು ನಾನು ಕೇಳಿರಲಿಲ್ಲ.