ಅನೊರೆಕ್ಸಿಯಾದಿಂದ ಗುಣವಾದ ಮೇಲೂ ಕನ್ನಡಿಯಲ್ಲಿ ದಪ್ಪಗೆ ಕಾಣುವುದೇಕೆ?

ನೀವು ಬರೆದಿರುವ ಪ್ರಕಾರ ಅನೊರೆಕ್ಸಿಯಾ, ಅಂದರೆ ದಪ್ಪಗಾಗುವ ಭಯದಿಂದ ಊಟ ಬಿಟ್ಟು ಸೊರಗುವ ಕಾಯಿಲೆ, ಬಂದುಹೋಗಿ ಈಗ ನಿಮ್ಮ ತೂಕ ಸರಿಯಾಗಿದೆ, ನಿಂತುಹೋಗಿದ್ದ ಮುಟ್ಟು ಮರಳಿದೆ, ಚಿಕಿತ್ಸೆಯೂ ಮುಗಿದಿದೆ. ಆದರೂ ಕನ್ನಡಿಯ ಮುಂದೆ ನಿಂತರೆ ಹೊಟ್ಟೆ, ತೊಡೆ ದಪ್ಪವಾಗಿಯೇ ಕಾಣುತ್ತವೆ. ಹಸಿದುಕೊಂಡಿದ್ದ ಆ ದಿನಗಳಲ್ಲಿ ಮೆದುಳಿಗೆ ಶಾಶ್ವತವಾದ ಪೆಟ್ಟು ಬಿದ್ದಿರಬಹುದೇ, ಅಥವಾ ಗುಣವಾಗಿದ್ದೇನೆ ಎಂಬುದೇ ಸುಳ್ಳೇ ಎಂದು ಕೇಳಿದ್ದೀರಿ. ಬರುವ ಶ್ರಾವಣದಲ್ಲಿ ತಾಯಿಯ ಜೊತೆ ಸೋಮವಾರ ಹಿಡಿಯಬಹುದೇ ಎಂದೂ ಕೇಳಿದ್ದೀರಿ.

ನಾನು ವೈದ್ಯೆಯಲ್ಲ. ಕಲಬುರಗಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಪದವಿ ಓದುವಾಗ ನನಗೂ ಇದೇ ಕಾಯಿಲೆ ಇತ್ತು, ಗುಣವಾದ ಮೇಲೆ ನಿಮ್ಮನ್ನು ಈಗ ಕಾಡುತ್ತಿರುವ ಪ್ರಶ್ನೆಯೇ ನನ್ನನ್ನು ಬಹುಕಾಲ ಕಾಡಿತು, ಹೀಗಾಗಿ ಈ ವಿಷಯದ ಸಂಶೋಧನೆಗಳನ್ನು ಓದುತ್ತ ಬಂದಿದ್ದೇನೆ. ಅದರ ಆಧಾರದ ಮೇಲೆ ಹೇಳುವುದಾದರೆ, ತೂಕ ಮೊದಲು ಮರಳುತ್ತದೆ, ತನ್ನ ದೇಹ ಎಷ್ಟಿದೆ ಎಂಬ ಅರಿವು ಅದರ ಹಿಂದೆ ಬಹಳ ನಿಧಾನವಾಗಿ ಬರುತ್ತದೆ. ಈ ನಡುವಿನ ಅವಧಿಯಲ್ಲಿ ನೀವಿದ್ದೀರಿ. ಕನ್ನಡಿಯಲ್ಲಿ ದಪ್ಪಗೆ ಕಾಣುವುದೊಂದರಿಂದಲೇ ನೀವು ಗುಣವಾಗಿಲ್ಲ ಎಂದು ತೀರ್ಮಾನಿಸುವ ಅಗತ್ಯವಿಲ್ಲ.

ಈ ಕಾಯಿಲೆಗೆ ಇಂಗ್ಲೆಂಡಿನ ವೈದ್ಯ ವಿಲಿಯಂ ಗಲ್ ಹೆಸರಿಟ್ಟದ್ದು 1870ರ ದಶಕದಲ್ಲಿ. ಆದರೆ ರೋಗಿಯು ತನ್ನ ದೇಹವನ್ನು ಗ್ರಹಿಸುವ ರೀತಿಯೇ ಏರುಪೇರಾಗಿರುತ್ತದೆ, ಅದು ಈ ಕಾಯಿಲೆಯ ತಿರುಳು ಎಂದು ಸ್ಪಷ್ಟವಾಗಿ ಬರೆದವರು 1962ರಲ್ಲಿ ಹಿಲ್ಡೆ ಬ್ರುಕ್ ಎಂಬ ಮನೋವೈದ್ಯೆ. ಕಣ್ಣಿನಲ್ಲಿ ದೋಷವಿರುವುದಿಲ್ಲ. ನಮ್ಮ ದೇಹದ ಚಿತ್ರವನ್ನು ಮೆದುಳು ಹಲವು ಕಡೆಯ ಸುದ್ದಿಗಳನ್ನು ಕೂಡಿಸಿ ಕಟ್ಟಿಕೊಳ್ಳುತ್ತದೆ. ಮನುಷ್ಯರ ಮೈ, ಕೈಕಾಲುಗಳ ಆಕಾರವನ್ನು ನೋಡಿದಾಗ ವಿಶೇಷವಾಗಿ ಚುರುಕಾಗುವ ಒಂದು ಭಾಗ ಮೆದುಳಿನ ಹಿಂಬದಿಯ ಪಕ್ಕದಲ್ಲಿದೆ; ಎಕ್ಸ್‌ಟ್ರಾಸ್ಟ್ರಿಯೇಟ್ ಬಾಡಿ ಏರಿಯಾ ಎಂಬ ಹೆಸರಿನಲ್ಲಿ 2001ರಲ್ಲಿ ಅದನ್ನು ಗುರುತಿಸಲಾಯಿತು. ಕೈಕಾಲು ಎಲ್ಲಿವೆ, ಮೈ ಎಷ್ಟು ಜಾಗ ಹಿಡಿಯುತ್ತದೆ ಎಂಬ ಲೆಕ್ಕವನ್ನು ಮೆದುಳಿನ ಮೇಲ್ಬದಿಯಲ್ಲಿ ಹಿಂದಕ್ಕಿರುವ ಪೆರೈಟಲ್ ಭಾಗ ನೋಡಿಕೊಳ್ಳುತ್ತದೆ. ಹಸಿವು, ಹೊಟ್ಟೆ ತುಂಬಿದ ಭಾವ, ಎದೆಬಡಿತ ಮುಂತಾದ ಒಳಗಿನ ಸುದ್ದಿಗಳು ಮೆದುಳಿನ ಮಡಿಕೆಯೊಳಗೆ ಅಡಗಿರುವ ಇನ್ಸುಲಾ ಎಂಬ ಭಾಗವನ್ನು ತಲುಪುತ್ತವೆ. ಇವುಗಳ ಮೇಲೆ ಭಯ, ನಾಚಿಕೆ, ಜನರು ಆಡಿದ ಮಾತು ಎಲ್ಲವೂ ಬಂದು ಸೇರುತ್ತವೆ. ಹೀಗಾಗಿ ಮೆದುಳಿನ ಯಾವುದೋ ಒಂದು ಜಾಗವನ್ನು ತೋರಿಸಿ ಕಾಯಿಲೆ ಇಲ್ಲಿದೆ ಎಂದು ಹೇಳಲು ಬರುವುದಿಲ್ಲ.

ನೆದರ್ಲೆಂಡ್ಸಿನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನನ್ನ ಮಟ್ಟಿಗೆ ಬಹಳ ಮುಖ್ಯವಾದುದು. ಅನೊರೆಕ್ಸಿಯಾ ಇದ್ದವರನ್ನೂ ಇಲ್ಲದವರನ್ನೂ ಬೇರೆ ಬೇರೆ ಅಗಲದ ಬಾಗಿಲಿನಂಥ ಸಂದುಗಳ ಮೂಲಕ ನಡೆಯಲು ಹೇಳಿ, ಯಾವ ಅಗಲಕ್ಕೆ ಅವರು ಹೆಗಲು ಓರೆ ಮಾಡುತ್ತಾರೆ ಎಂದು ಅಳೆದರು. ಆರೋಗ್ಯವಂತರು ತಮ್ಮ ಭುಜದ ಅಗಲಕ್ಕಿಂತ ಶೇಕಡಾ 25ರಷ್ಟು ಹೆಚ್ಚು ಜಾಗವಿದ್ದಾಗ ಓರೆಯಾಗತೊಡಗಿದರೆ, ರೋಗಿಗಳು ಶೇಕಡಾ 40ರಷ್ಟು ಹೆಚ್ಚು ಜಾಗವಿದ್ದಾಗಲೇ ಓರೆಯಾಗತೊಡಗಿದರು. ನಡೆಯುವಾಗ ಯಾರೂ ತಮ್ಮ ಅಂದಚಂದದ ಬಗ್ಗೆ ಅಭಿಪ್ರಾಯ ಹೇಳುತ್ತಿರಲಿಲ್ಲ. ದೇಹವೇ ತನ್ನನ್ನು ದೊಡ್ಡದೆಂದು ಲೆಕ್ಕಹಾಕಿಕೊಂಡು ನಡೆಯುತ್ತಿತ್ತು. ಇದನ್ನು ಓದಿದಾಗ ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಎರಡು ಮೇಜುಗಳ ನಡುವೆ ನಾನು ಹೇಗೆ ಸೀರೆಯ ಸೆರಗು ಬಿಗಿಹಿಡಿದು, ಹೊಟ್ಟೆ ಒಳಗೆಳೆದುಕೊಂಡು, ಒಂದು ಪಕ್ಕವಾಗಿ ದಾಟುತ್ತಿದ್ದೆ ಎಂಬುದು ಅರ್ಥವಾಯಿತು. ನನಗಿಂತ ಎಷ್ಟೋ ದಪ್ಪವಿದ್ದ ಅಟೆಂಡರ್ ಅದೇ ಜಾಗದಲ್ಲಿ ಕೈಯಲ್ಲಿ ಟ್ರೇ ಹಿಡಿದುಕೊಂಡು ನೇರವಾಗಿ ನಡೆದುಹೋಗುತ್ತಿದ್ದರು. ಅಣ್ಣತಮ್ಮಂದಿರು ಪಾಲಾಗಿ ಹೊಲದಲ್ಲಿ ಹೊಸ ಬದು ಬಿದ್ದಿದ್ದರೂ ಪಹಣಿಯಲ್ಲಿ ಹಳೆಯ ಎಕರೆ ಗುಂಟೆಯೇ ಮುಂದುವರಿದಿರುತ್ತದಲ್ಲ, ಮೆದುಳಿನಲ್ಲಿರುವ ದೇಹದ ಲೆಕ್ಕವೂ ಹಾಗೆಯೇ ಹಿಂದೆ ಉಳಿದಿರುತ್ತದೆ.

ಇದು ರೋಗಿಗಳ ಮಾತಾಯಿತು. ಗುಣವಾದವರ ಮೇಲೂ ಅಧ್ಯಯನಗಳು ನಡೆದಿವೆ. ಒಬ್ಬರ ಕೈಯನ್ನು ಮರೆಮಾಡಿ, ಅವರ ಕಣ್ಣೆದುರು ರಬ್ಬರಿನ ಕೈಯೊಂದನ್ನಿಟ್ಟು, ಎರಡನ್ನೂ ಏಕಕಾಲಕ್ಕೆ ಕುಂಚದಿಂದ ಸವರಿದರೆ, ಸ್ವಲ್ಪ ಹೊತ್ತಿನಲ್ಲಿ ಆ ರಬ್ಬರ್ ಕೈ ತನ್ನದೇ ಎಂದು ಅನ್ನಿಸತೊಡಗುತ್ತದೆ. 1998ರಲ್ಲಿ ವರದಿಯಾದ ಈ ಭ್ರಮೆ ಯಾರಿಗೆ ಬೇಕಾದರೂ ಆಗಬಹುದು. ಆದರೆ ಅನೊರೆಕ್ಸಿಯಾದಂಥ ಊಟದ ಕಾಯಿಲೆ ಇರುವವರಲ್ಲಿ ಇದು ಹೆಚ್ಚು ಬಲವಾಗಿರುತ್ತದೆ, ಗುಣವಾದವರಲ್ಲಿಯೂ ಆ ಒಲವು ಪೂರ್ತಿಯಾಗಿ ಹೋಗಿರುವುದಿಲ್ಲ ಎಂದು ಲಂಡನ್ನಿನ ಸಂಶೋಧಕರು ತೋರಿಸಿದ್ದಾರೆ. ಅಂದರೆ ದೇಹ ಒಳಗಿನಿಂದ ಹೇಳುವ ಸುದ್ದಿಗಿಂತ ಕಣ್ಣಿಗೆ ಕಂಡದ್ದಕ್ಕೆ ಇವರ ಮೆದುಳು ಹೆಚ್ಚು ಬೆಲೆ ಕೊಡುತ್ತದೆ. ಕನ್ನಡಿ, ಮೊಬೈಲಿನ ಫೋಟೊಗಳು ನಿಮ್ಮನ್ನು ಇಷ್ಟೊಂದು ಕಂಗೆಡಿಸಲು ಇದೂ ಒಂದು ಕಾರಣವಿರಬಹುದು. ಈ ಕಾಯಿಲೆಯ ಸಂಶೋಧಕ ವಾಲ್ಟರ್ ಕೇ ಅವರ, ಅಮೆರಿಕದ ಸ್ಯಾನ್ ಡಿಯಾಗೊದ ತಂಡವು ಗುಣವಾದ ಮಹಿಳೆಯರಿಗೆ ಸಕ್ಕರೆ ನೀರಿನ ರುಚಿ ಕೊಟ್ಟು ಮೆದುಳಿನ ಸ್ಕ್ಯಾನ್ ಮಾಡಿದಾಗ, ಇನ್ಸುಲಾದ ಪ್ರತಿಕ್ರಿಯೆ ಇತರರಿಗಿಂತ ಕಡಿಮೆಯಿತ್ತು.

ಇವನ್ನು ಕಾಯಿಲೆ ಉಳಿಸಿಹೋದ ಗಾಯ ಎಂದು ಓದಬೇಕೋ, ಹುಟ್ಟಿನಿಂದಲೇ ಇದ್ದ ಸ್ವಭಾವ ಎಂದು ಓದಬೇಕೋ ಎಂಬುದು ವಿಜ್ಞಾನಿಗಳ ನಡುವೆ ಇನ್ನೂ ತೀರ್ಮಾನವಾಗಿಲ್ಲ. ಈ ಕಾಯಿಲೆಯಲ್ಲಿ ಆನುವಂಶಿಕತೆಯ ಪಾಲು ಗಣನೀಯ. 2019ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಜೀನೋಮಿನ, ಅಂದರೆ ನಮ್ಮ ಇಡೀ ವಂಶವಾಹಿ ಸಂಗ್ರಹದ, ಎಂಟು ಭಾಗಗಳಿಗೂ ಇದಕ್ಕೂ ಸಂಬಂಧವಿದೆ ಎಂದು ತೋರಿಸಿತು. ಆದ್ದರಿಂದ ಒಂದಷ್ಟು ಭಿನ್ನತೆ ಕಾಯಿಲೆಗಿಂತ ಮೊದಲೇ ಇದ್ದಿರಬಹುದು ಎಂಬ ಅಭಿಪ್ರಾಯಕ್ಕೆ ನಾನು ವಾಲುತ್ತೇನೆ.

ಪೆಟ್ಟಿನ ಬಗ್ಗೆ ನಿಮಗಿರುವ ಭಯಕ್ಕೆ ಹೆಚ್ಚು ನೇರವಾದ ಉತ್ತರವಿದೆ. ತೀವ್ರವಾಗಿ ಹಸಿದಿರುವಾಗ ಮೆದುಳಿನ ಬೂದು ದ್ರವ್ಯ, ಅಂದರೆ ನರಕೋಶಗಳು ದಟ್ಟವಾಗಿರುವ ಭಾಗ, ನಿಜವಾಗಿಯೂ ಕುಗ್ಗುತ್ತದೆ. ಆದರೆ ಆಹಾರ ಸಿಕ್ಕಿ ತೂಕ ಮರಳಿದಂತೆ ಅದು ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ. ಅನೇಕ ದೇಶಗಳ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ತೂಕ ಭಾಗಶಃ ಮರಳಿದವರಲ್ಲಿಯೇ ಈ ಕೊರತೆ ಸಾಕಷ್ಟು ಕಡಿಮೆಯಾಗಿತ್ತು. ಇದನ್ನು ಖಚಿತಪಡಿಸಿಕೊಳ್ಳಲು ನೀವು ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗಿ ಎಂಆರ್‌ಐ ಮಾಡಿಸಬೇಡಿ. ಮೇಲೆ ಹೇಳಿದ ವ್ಯತ್ಯಾಸಗಳು ಗುಂಪುಗಳ ಸರಾಸರಿಯಲ್ಲಿ ಕಾಣುವಂಥವು. ಒಬ್ಬರ ಸ್ಕ್ಯಾನ್ ನೋಡಿ ಇವರು ದೇಹವನ್ನು ಹೇಗೆ ಕಾಣುತ್ತಾರೆ ಎಂದು ಹೇಳಬಲ್ಲ ಯಂತ್ರ ಎಲ್ಲಿಯೂ ಇಲ್ಲ.

ಹೊಟ್ಟೆಯ ವಿಷಯದಲ್ಲಿ ಇನ್ನೊಂದು ಮಾತು ಹೇಳಲೇಬೇಕು, ಏಕೆಂದರೆ ನನಗೆ ಆಗ ಇದನ್ನು ಯಾರೂ ಹೇಳಿರಲಿಲ್ಲ. ತೂಕ ಮರಳುವಾಗ ಕೊಬ್ಬು ಮೊದಲು ನಡುಭಾಗದಲ್ಲಿ, ಹೊಟ್ಟೆಯ ಸುತ್ತ ಹೆಚ್ಚಾಗಿ ಸೇರುತ್ತದೆ. ತೂಕವನ್ನು ಹಾಗೆಯೇ ಉಳಿಸಿಕೊಂಡರೆ ಸುಮಾರು ಒಂದು ವರ್ಷ ಅಥವಾ ಅದಕ್ಕಿಂತ ತುಸು ಹೆಚ್ಚು ಕಾಲದಲ್ಲಿ ಅದು ಮೈಗೆಲ್ಲ ಹಂಚಿಕೊಳ್ಳುತ್ತದೆ. 1944–45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅವರು 36 ಮಂದಿ ಆರೋಗ್ಯವಂತ ಯುವಕರನ್ನು, ಅವರ ಒಪ್ಪಿಗೆಯಿಂದಲೇ, ಸುಮಾರು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು ನಂತರ ಮತ್ತೆ ಉಣಿಸಿದ್ದರು. ಅನೊರೆಕ್ಸಿಯಾ ಎಂದೂ ಇರದಿದ್ದ ಆ ಗಂಡಸರಲ್ಲಿ ಕೆಲವರು, ತೂಕ ಮರಳುವ ಹೊತ್ತಿಗೆ ತಮ್ಮ ಹೊಟ್ಟೆ, ನಿತಂಬ ದಪ್ಪವಾದವೆಂದು ಚಿಂತೆಗೊಳಗಾದರು. ನೀವು ಕನ್ನಡಿಯಲ್ಲಿ ಕಾಣುತ್ತಿರುವುದರಲ್ಲಿ ಒಂದು ಪಾಲು ಹಸಿದ ಯಾವ ದೇಹದಲ್ಲಿಯೂ ಆಗುವ ತಾತ್ಕಾಲಿಕ ಬದಲಾವಣೆ ಇರಬಹುದು.

ಈಗ ಮಾಡಬೇಕಾದ್ದರ ಬಗ್ಗೆ. ಅತಿ ಮುಖ್ಯವಾದದ್ದು, ದಪ್ಪ ಎಂಬ ಅನಿಸಿಕೆಗೂ ತಟ್ಟೆಯಲ್ಲಿರುವ ರೊಟ್ಟಿಗಳ ಲೆಕ್ಕಕ್ಕೂ ಸಂಬಂಧ ಕಲ್ಪಿಸಬೇಡಿ. ಒಳಗಿನ ಸುದ್ದಿ ಇನ್ನೂ ಸರಿಯಾಗಿ ತಲುಪದ ಕಾಲದಲ್ಲಿ ಹಸಿವಾದಾಗ ಉಣ್ಣುತ್ತೇನೆ ಎನ್ನುವುದು ಅಪಾಯಕಾರಿ, ಗಡಿಯಾರ ನೋಡಿ ಹೊತ್ತಿಗೆ ಸರಿಯಾಗಿ ಉಣ್ಣುವುದೇ ಸುರಕ್ಷಿತ. ಕನ್ನಡಿಯಲ್ಲಿ ಒಂದೇ ಭಾಗವನ್ನು ಹತ್ತಿರದಿಂದ ದಿಟ್ಟಿಸಬೇಡಿ, ಅಡಿಯಿಂದ ಮುಡಿಯವರೆಗೆ ಒಟ್ಟಾಗಿ ನೋಡಿ. ಮನಶ್ಶಾಸ್ತ್ರಜ್ಞರ ಮಾರ್ಗದರ್ಶನದಲ್ಲಿ ಕನ್ನಡಿಯ ಮುಂದೆ ನಿಂತು ಹೀಗೆ ಅಭ್ಯಾಸ ಮಾಡುವ ಚಿಕಿತ್ಸೆಯೂ ಇದೆ. ಹಳೆಯ ಬ್ಲೌಸುಗಳನ್ನು ಇಟ್ಟುಕೊಂಡು ಆಗಾಗ ಹಾಕಿ ನೋಡುವ ಅಭ್ಯಾಸವಿದ್ದರೆ ಅವನ್ನು ಮನೆಯಿಂದ ಸಾಗಹಾಕಿ. ಟೇಲರ್ ಅಳತೆ ತೆಗೆದುಕೊಳ್ಳುವಾಗ ಇಂಚುಗಳನ್ನು ಗಟ್ಟಿಯಾಗಿ ಓದದೆ ಬರೆದುಕೊಳ್ಳಿ ಎಂದು ಕೇಳಿಕೊಳ್ಳಲು ಸಂಕೋಚಪಡಬೇಕಾಗಿಲ್ಲ. ನಮ್ಮ ಅಕ್ಕ ಯಾವ ವಿವರಣೆಯನ್ನೂ ಕೊಡದೆ ನನ್ನ ಪರವಾಗಿ ಹಾಗೆ ಕೇಳಿದಳು, ಟೇಲರಮ್ಮ ಅದಕ್ಕೊಂದು ಮಾತೂ ಆಡದೆ ಒಪ್ಪಿಕೊಂಡರು.

ಬಂಧುಗಳ ಮಾತು ಇದಕ್ಕಿಂತ ಕಷ್ಟದ್ದು. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಎಲ್ಲರೂ ಸಾಲಾಗಿ ಕುಳಿತು ಸಜ್ಜೆ ರೊಟ್ಟಿ, ಭಜ್ಜಿ ಉಣ್ಣುವಾಗ ದೊಡ್ಡಮ್ಮ ಒಬ್ಬರು ಪ್ರೀತಿಯಿಂದಲೇ "ಈಗ ಛಂದ ಮೈ ಹಿಡದದ ನೋಡು" ಎನ್ನುತ್ತಾರೆ. ಅವರ ಮಟ್ಟಿಗೆ ಅದು ಹರಕೆ ಫಲಿಸಿದ ಸಂತೋಷ. ಕೇಳಿದವಳಿಗೆ ಮಾತ್ರ ಬಾಯಲ್ಲಿದ್ದ ತುತ್ತು ಇಳಿಯುವುದಿಲ್ಲ. ನಿಮ್ಮ ತಾಯಿಗೆ ಮೊದಲೇ ತಿಳಿಸಿ, ಮೈಯ ಬಗ್ಗೆ ಹೊಗಳಿಕೆಯೂ ಬೇಡ ತೆಗಳಿಕೆಯೂ ಬೇಡ ಎಂದು ಅವರೇ ನಾಲ್ಕು ಜನರಿಗೆ ಹೇಳಿದರೆ ಮಾತು ನಡೆಯುತ್ತದೆ.

ಸೋಮವಾರದ ಉಪವಾಸವನ್ನು ಸದ್ಯಕ್ಕೆ ಮಾಡಬೇಡಿ ಎಂಬುದು ನನ್ನ ಸ್ಪಷ್ಟವಾದ ಅಭಿಪ್ರಾಯ. ಈ ಕಾಯಿಲೆಗೆ ತುತ್ತಾದ ಮೆದುಳಿಗೆ ಊಟ ಬಿಟ್ಟಾಗ ಒಂದು ಬಗೆಯ ನೆಮ್ಮದಿ ಸಿಗುತ್ತದೆ, ಅಲ್ಲಿಂದ ಹಳೆಯ ದಾರಿಗೆ ಇಳಿಯುವುದು ಸುಲಭ. ಮೇಲಾಗಿ ವ್ರತದ ಹೆಸರಿನಲ್ಲಿ ಬಿಟ್ಟ ಊಟವನ್ನು ಮನೆಯವರು ಮೆಚ್ಚುತ್ತಾರೆಯೇ ಹೊರತು ಅನುಮಾನಿಸುವುದಿಲ್ಲ. ಶರಣಬಸವೇಶ್ವರರು ದಾಸೋಹಕ್ಕೆ ಹೆಸರಾದವರು. ಅವರ ಗುಡಿಗೆ ತಾಯಿಯ ಜೊತೆ ಹೋಗಿ ಪ್ರಸಾದ ಉಂಡು ಬಂದರೆ ಭಕ್ತಿಗೆ ಯಾವ ಕೊರತೆಯೂ ಆಗುವುದಿಲ್ಲ. ರೋಜಾ ಇಡುವ ಗೆಳತಿಯರಿಗೂ ನಾನು ಇದನ್ನೇ ಹೇಳುತ್ತೇನೆ, ಅಸ್ವಸ್ಥರಿಗೆ ಅಲ್ಲಿಯೂ ವಿನಾಯಿತಿ ಇದೆ.

ಕೆಲವರಲ್ಲಿ ಕನ್ನಡಿಯ ಈ ಕಾಟ ವರ್ಷಗಟ್ಟಲೆ ಸ್ವಲ್ಪ ಉಳಿಯುತ್ತದೆ, ಉಳಿದಿದ್ದರೂ ಅವರು ಉಂಡು, ದುಡಿದು, ಚೆನ್ನಾಗಿ ಬದುಕುತ್ತಾರೆ. ಆದರೆ ತೂಕ ಇಳಿಯತೊಡಗಿದರೆ, ಮುಟ್ಟು ಮತ್ತೆ ತಪ್ಪಿದರೆ, ಊಟವನ್ನು ಮುಚ್ಚಿಡುವುದು ಅಥವಾ ಉಂಡದ್ದನ್ನು ವಾಂತಿ ಮಾಡುವುದು ಶುರುವಾದರೆ, ತಲೆಸುತ್ತು ಬಂದರೆ, ಬದುಕುವುದೇ ಬೇಡವೆನ್ನಿಸಿದರೆ, ಒಂದು ವಾರವೂ ಕಾಯದೆ ನಿಮಗೆ ಚಿಕಿತ್ಸೆ ಕೊಟ್ಟ ವೈದ್ಯರಲ್ಲಿಗೆ ಹೋಗಿ. ರಾತ್ರಿ ಹೊತ್ತಿನಲ್ಲಿ ಯಾರೊಡನೆಯಾದರೂ ಮಾತನಾಡಬೇಕೆನ್ನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅದು ಉಚಿತ, ಕನ್ನಡದಲ್ಲಿಯೂ ಮಾತನಾಡುತ್ತಾರೆ.